ಕತ್ತು ನೋವು ಯಾರ ಖಾತೆಗೆ?

ಮೈಸೂರು ರಸ್ತೆಯ ನಾಯಂಡಹಳ್ಳಿ, ಕೆಂಗೇರಿ, ಕುಂಬಳಗೋಡು. ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ. ಆ ಕಡೆಗೆ ಲಗ್ಗೆರೆ, ಪೀಣ್ಯ. ಪಶ್ಚಿಮ ಬೆಂಗಳೂರಿನ ಇಂಥ ಯಾವ ಕಡೆಯಾದರೂ ಸರಿ, ಹತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಮಿಷನ್ ಮೇಲೆ ಕೂತ ಹೆಣ್ಣುಮಗಳೊಬ್ಬಳನ್ನು ಮಾತಾಡಿಸಿ ನೋಡಿ. ಸಂಬಳ, ಬಾಡಿಗೆ, ಮಕ್ಕಳ ಫೀಸಿನ ಮಾತು ಮುಗಿಯುವ ಮೊದಲೇ ಕೈ ತಾನಾಗಿ ಹೆಗಲಿಗೆ ಹೋಗಿರುತ್ತದೆ. ಕತ್ತು ಹಿಡ್ಕೊಂಡಿದೆ, ರಾತ್ರಿ ಮಗ್ಗುಲು ಬದಲಿಸೋಕೆ ಆಗಲ್ಲ, ಬೆಳಗ್ಗೆ ಎದ್ದರೆ ಬೆರಳೆಲ್ಲ ಜೋಮು. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಅದನ್ನು ಹೇಳಿಕೊಳ್ಳಬೇಕಾದ ಸಂಗತಿ ಎಂದೂ ಎಣಿಸುವುದಿಲ್ಲ. ವ್ಯಾನಿಟಿ ಬ್ಯಾಗಿನಲ್ಲಿ ಬಾಮಿನ ಡಬ್ಬಿ, ನೋವಿನ ಮಾತ್ರೆಯ ಪಟ್ಟಿ ಟಿಫಿನ್ ಬಾಕ್ಸಿನಷ್ಟೇ ಸಹಜವಾಗಿ ಇರುತ್ತವೆ.

ಈ ನೋವಿಗೆ ಆಕೆಗೆ ಸಿಗುವ ವಿವರಣೆಗಳು ಮೂರು. ವಯಸ್ಸಾಯಿತು ಎನ್ನುತ್ತಾರೆ, ಆಕೆಗಿನ್ನೂ ಮೂವತ್ತೈದು. ಮನೆಯಲ್ಲಿ ಕೆಲಸ ಜಾಸ್ತಿ ಎನ್ನುತ್ತಾರೆ. ಇಲ್ಲವೇ, ನೀನು ಸರಿಯಾಗಿ ಕೂರುವುದಿಲ್ಲ ಎನ್ನುತ್ತಾರೆ. ಮೂರೂ ವಿವರಣೆಗಳು ನೋವನ್ನು ಆಕೆಯ ಮೈಯೊಳಕ್ಕೇ ತಳ್ಳಿ ಬಾಗಿಲು ಹಾಕಿಕೊಳ್ಳುತ್ತವೆ. ನನ್ನ ವಾದ ಇದಕ್ಕೆ ನೇರ ವಿರುದ್ಧವಾದದ್ದು. ಶರ್ಟು ತಯಾರಾಗುವ ಜಾಗದಲ್ಲೇ, ಅದೇ ಪಾಳಿಯಲ್ಲಿ, ಅದೇ ಲೆಕ್ಕಾಚಾರದಿಂದ ಈ ಕತ್ತು ನೋವೂ ತಯಾರಾಗುತ್ತದೆ. ಆದ್ದರಿಂದ ಅದರ ಖರ್ಚನ್ನು ಬರೆಯಬೇಕಾದದ್ದು ಕಾರ್ಖಾನೆಯ ಖಾತೆಗೆ. ಇವತ್ತು ಅದನ್ನು ಆಕೆಯ ಖಾತೆಗೆ ಬರೆಯಲಾಗುತ್ತಿದೆ, ಮತ್ತು ಹಾಗೆ ಬರೆಯಲು ನಮ್ಮ ಕಾನೂನೇ ಪೆನ್ನು ಒದಗಿಸಿದೆ.

ಕೆಲಸವನ್ನು ಹತ್ತಿರದಿಂದ ನೋಡೋಣ. ಲೈನ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಆಪರೇಷನ್. ಒಬ್ಬಳು ಕಾಲರ್ ಕೂರಿಸುತ್ತಾಳೆ, ಇನ್ನೊಬ್ಬಳು ಕಫ್, ಮತ್ತೊಬ್ಬಳು ಸೈಡ್ ಸೀಮ್. ಎಡಗಡೆಯ ಬಂಡಲ್‌ನಿಂದ ಪೀಸ್ ಎಳೆದುಕೊಳ್ಳಬೇಕು, ಎರಡು ಅಂಚು ಕೂಡಿಸಬೇಕು, ಸೂಜಿಯ ಕೆಳಗೆ ಇಡಬೇಕು. ಬಲಮೊಣಕಾಲಿನಿಂದ ಪ್ರೆಸರ್ ಫುಟ್ ಎತ್ತಬೇಕು, ಪಾದದಿಂದ ಪೆಡಲ್ ಒತ್ತಬೇಕು, ಎರಡೂ ಕೈಯಲ್ಲಿ ಬಟ್ಟೆಯನ್ನು ನಡೆಸಬೇಕು. ಹೊಲಿಗೆ ಗೆರೆ ತಪ್ಪಿದರೆ ಪೀಸ್ ಆಲ್ಟರೇಷನ್‌ಗೆ ವಾಪಸ್ ಬರುತ್ತದೆ, ಬೈಗುಳ ಜೊತೆಗೆ ಬರುತ್ತದೆ. ಹಾಗಾಗಿ ಕಣ್ಣು ಸೂಜಿಯ ತುದಿ ಬಿಡುವಂತಿಲ್ಲ. ಕಣ್ಣು ಎಲ್ಲಿ ನಿಂತಿದೆಯೋ ತಲೆ ಅಲ್ಲಿಗೇ ಬಾಗುತ್ತದೆ. ಕಡುನೀಲಿ ಬಟ್ಟೆಗೆ ಕಡುನೀಲಿ ದಾರವಾದರೆ ಇನ್ನೂ ಎರಡು ಇಂಚು ಮುಂದಕ್ಕೆ. ಕೈಗಳೆರಡೂ ಮುಂದೆ ಚಾಚಿರುತ್ತವೆ, ಮೊಣಕೈಗೆ ಆನಿಕೆ ಇರುವುದಿಲ್ಲ, ಹೆಗಲು ಒಂದಿಷ್ಟು ಮೇಲೆತ್ತಿದ ಹಾಗೇ ನಿಂತುಬಿಡುತ್ತದೆ. ಸರಿಯಾಗಿ ಕೂತುಕೋ ಎಂದು ಉಪದೇಶಿಸುವವರು ಒಂದು ಗಂಟೆ ಆ ಮಿಷನ್ ಮುಂದೆ ಬೆನ್ನು ನೆಟ್ಟಗಿಟ್ಟುಕೊಂಡು ಕಾಲರ್ ಕೂರಿಸಿ ತೋರಿಸಲಿ. ಆಗುವುದಿಲ್ಲ. ಆ ಭಂಗಿಯನ್ನು ಆಕೆ ಆರಿಸಿಕೊಂಡಿಲ್ಲ. ಮೇಜಿನ ಎತ್ತರ, ಕುರ್ಚಿಯ ಎತ್ತರ, ಸೂಜಿ ಇರುವ ಜಾಗ, ಬೆಳಕು ಬೀಳುವ ದಿಕ್ಕು ಎಲ್ಲ ಸೇರಿ ಆಕೆಯನ್ನು ಹಾಗೆ ಕೂರಿಸಿವೆ.

ಮನುಷ್ಯನ ತಲೆ ಸುಮಾರು ಐದು ಕಿಲೋ ತೂಗುತ್ತದೆ. ನೆಟ್ಟಗಿದ್ದಾಗ ಆ ಭಾರ ಬೆನ್ನುಮೂಳೆಯ ಮೇಲೆ ನೇರ ಇಳಿಯುತ್ತದೆ, ಸ್ನಾಯುಗಳಿಗೆ ಹೆಚ್ಚು ಶ್ರಮವಿಲ್ಲ. ತಲೆ ಮುಂದಕ್ಕೆ ಬಾಗಿದಂತೆ ಅದು ಬೀಳದ ಹಾಗೆ ಹಿಂದಿನಿಂದ ಸ್ನಾಯುಗಳು ಎಳೆದು ಹಿಡಿಯಬೇಕು. ನ್ಯೂಯಾರ್ಕಿನ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಗಣಿತದ ಮಾದರಿಯೊಂದರಿಂದ ಹಾಕಿದ ಲೆಕ್ಕದಂತೆ, ತಲೆ 30 ಡಿಗ್ರಿ ಬಾಗಿದಾಗ ಕತ್ತಿನ ಮೂಳೆಗಳ ಮೇಲೆ ಬೀಳುವ ಒತ್ತಡ ಸುಮಾರು 18 ಕಿಲೋಗೆ ಸಮ. 45 ಡಿಗ್ರಿಗೆ ಅದು 22 ಕಿಲೋ. ಅವರು ಲೆಕ್ಕ ಹಾಕಿದ್ದು ಮೊಬೈಲ್ ನೋಡುವವರ ಕತ್ತಿನ ಬಗ್ಗೆ. ಮೊಬೈಲ್ ನೋಡುವವರು ಬೇಸರವಾದಾಗ ತಲೆ ಎತ್ತಬಹುದು. ಲೈನ್‌ನಲ್ಲಿ ಕೂತವಳಿಗೆ ಆ ಸ್ವಾತಂತ್ರ್ಯವಿಲ್ಲ.

ಭಾರಕ್ಕಿಂತ ಮುಖ್ಯವಾದದ್ದು ಬಿಡುವಿಲ್ಲದ ಹಿಡಿತ. ಮೂಟೆ ಹೊರುವವನ ಸ್ನಾಯು ಬಿಗಿಯುತ್ತದೆ, ಸಡಿಲಾಗುತ್ತದೆ, ಮತ್ತೆ ಬಿಗಿಯುತ್ತದೆ. ಸಡಿಲಾದಾಗಲೆಲ್ಲ ರಕ್ತ ಹರಿದು ದಣಿವನ್ನು ತೊಳೆದುಕೊಂಡು ಹೋಗುತ್ತದೆ. ಹೊಲಿಯುವವಳ ಹೆಗಲಿನ ಸ್ನಾಯು ಅಷ್ಟೇನೂ ಜೋರಾಗಿ ಬಿಗಿಯುವುದಿಲ್ಲ, ಆದರೆ ಸಡಿಲಾಗುವುದೇ ಇಲ್ಲ. ಸ್ವೀಡನ್ನಿನ ಸಂಶೋಧಕ ಯೋರಾನ್ ಹೆಗ್ 1991ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಸ್ನಾಯುವಿನ ಎಲ್ಲ ಎಳೆಗಳೂ ಒಟ್ಟಿಗೆ ದುಡಿಯುವುದಿಲ್ಲ. ಹಗುರ ಕೆಲಸಕ್ಕೆ ಕೆಲವು ಸಣ್ಣ ಎಳೆಗಳು ಮೊದಲು ಕೆಲಸಕ್ಕಿಳಿಯುತ್ತವೆ, ಸ್ನಾಯು ಪೂರ್ತಿ ಸಡಿಲಾಗುವ ತನಕ ಅವಕ್ಕೆ ಬಿಡುಗಡೆ ಇಲ್ಲ. ಎಲ್ಲರಿಗಿಂತ ಮೊದಲೆದ್ದು ಎಲ್ಲರಿಗಿಂತ ಕೊನೆಗೆ ಮಲಗುವ ಸಿಂಡರೆಲ್ಲಾಳ ಹೆಸರನ್ನು ಅವರು ಈ ಎಳೆಗಳಿಗೆ ಇಟ್ಟರು. ನಮ್ಮಲ್ಲಾಗಿದ್ದರೆ ಕೂಡುಕುಟುಂಬದ ಕಿರಿಸೊಸೆ ಎನ್ನುತ್ತಿದ್ದೆವೋ ಏನೋ. ಮನೆಯಲ್ಲಿ ಒಟ್ಟು ಕೆಲಸ ಹೆಚ್ಚಿಲ್ಲ ಎಂದು ಎಲ್ಲರಿಗೂ ಅನ್ನಿಸುತ್ತದೆ, ಆದರೆ ಆ ಒಬ್ಬಳು ಕೂರುವುದೇ ಇಲ್ಲ. ಕೂತು ಮಾಡುವ ಕೆಲಸ ತಾನೇ, ಏನು ಕಷ್ಟ ಎಂದು ಕೇಳುವವರಿಗೆ ಉತ್ತರ ಈ ವಿವರಣೆಯಲ್ಲೇ ಇದೆ. ಹಗುರ ಕೆಲಸವೇ, ಬಿಡುವಿಲ್ಲದೆ ನಡೆದರೆ, ಭಾರದ ಕೆಲಸಕ್ಕಿಂತ ಆಳವಾಗಿ ಕೊರೆಯುತ್ತದೆ.

ಈ ಬಿಡುವನ್ನು ಕಸಿದುಕೊಳ್ಳುವುದು ಟಾರ್ಗೆಟ್. ಪ್ರತಿ ಆಪರೇಷನ್‌ಗೂ ಇಷ್ಟು ಹೊತ್ತು ಎಂದು ಸ್ಟಾಪ್‌ವಾಚ್ ಹಿಡಿದು ಗೊತ್ತುಮಾಡುವ ವಿಭಾಗವೇ ಕಾರ್ಖಾನೆಗಳಲ್ಲಿದೆ. ಒಂದು ಆಪರೇಷನ್‌ಗೆ 36 ಸೆಕೆಂಡ್ ಎಂದು ನಿಗದಿಯಾದರೆ ಗಂಟೆಗೆ 100 ಪೀಸ್, ಎಂಟು ಗಂಟೆಗೆ 800. ಅಂದರೆ 800 ಸಲ ಅದೇ ಎಳೆತ, ಅದೇ ಜೋಡಣೆ, ಅದೇ ಬಾಗು. ಆ ನಿಗದಿಯಲ್ಲಿ ದಣಿವಿಗೆ, ನೀರು ಕುಡಿಯಲು, ಶೌಚಕ್ಕೆ ಹೋಗಲು ಎಂದು ಒಂದಿಷ್ಟು ಶೇಕಡಾ ಸೇರಿಸಿರುತ್ತಾರೆ. ಇದು ಉದ್ಯಮವೇ ಒಪ್ಪಿಕೊಂಡಿರುವ ಪದ್ಧತಿ. ಆದರೆ ಲೈನ್ ತುದಿಯಲ್ಲಿ ಬೋರ್ಡ್ ತೂಗುಹಾಕಿ ಗಂಟೆಗಂಟೆಗೂ ಪೀಸ್ ಬರೆಯುವಾಗ ಆ ಶೇಕಡಾ ಎಲ್ಲಿ ಹೋಗುತ್ತದೆ? ಹನ್ನೊಂದು ಗಂಟೆಗೆ ಎಂಟು ಪೀಸ್ ಕಮ್ಮಿಯಾದರೆ ಹನ್ನೆರಡರೊಳಗೆ ಅದನ್ನು ತುಂಬಿಕೊಡಬೇಕು. ಅಕ್ಕಪಕ್ಕದವಳು ರಜೆ ಹಾಕಿದ್ದರೆ ಅವಳ ಪಾಲೂ ಸೇರುತ್ತದೆ. "ಪ್ರೊಡಕ್ಷನ್ ಎಲ್ಲಮ್ಮಾ?" ಎಂಬ ಕೂಗು ಕಿವಿಯ ಹತ್ತಿರವೇ ಕೇಳುತ್ತಿರುವಾಗ ಯಾರು ಎದ್ದು ಹೋಗಿ ಕೈಕಾಲು ಆಡಿಸಿ ಬರುತ್ತಾರೆ? ಶೌಚಕ್ಕೆ ಹೋಗಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನೇ ಕಮ್ಮಿ ಮಾಡುವ ಹೆಂಗಸರ ವಿಷಯ ಬೆಂಗಳೂರಿನ ಗಾರ್ಮೆಂಟ್ಸ್ ಬಗ್ಗೆ ಬರೆದವರೆಲ್ಲ ಹೇಳಿದ್ದಾರೆ. ಅದನ್ನು ಮೂತ್ರದ ಸೋಂಕಿನ ಸಮಸ್ಯೆ ಎಂದು ಮಾತ್ರ ನೋಡಿದ್ದೇವೆ. ಎದ್ದು ಓಡಾಡುವ ಆ ನಾಲ್ಕು ನಿಮಿಷವೇ ಕತ್ತಿಗೆ ಸಿಗಬಹುದಾಗಿದ್ದ ಏಕೈಕ ಬಿಡುವೂ ಆಗಿತ್ತು.

ಇನ್ನು ಕುರ್ಚಿ. ಎಷ್ಟೋ ಕಡೆ ಅದು ಎತ್ತರ ಬದಲಾಗದ ಕುರ್ಚಿ ಅಥವಾ ಒರಗಲು ಏನೂ ಇಲ್ಲದ ಸ್ಟೂಲು. ಐದಡಿ ಮೂರಿಂಚಿನವಳಿಗೂ ನಾಲ್ಕಡಿ ಹತ್ತಿಂಚಿನವಳಿಗೂ ಅದೇ. ಕಟ್‌ಪೀಸ್ ಬಟ್ಟೆಯನ್ನು ಮಡಿಸಿ ಮಡಿಸಿ ದಿಂಡು ಮಾಡಿ ಕೆಳಗಿಟ್ಟುಕೊಂಡು ತಮಗೆ ಬೇಕಾದ ಎತ್ತರವನ್ನು ತಾವೇ ಕಟ್ಟಿಕೊಳ್ಳುವ ಹೆಂಗಸರಿದ್ದಾರೆ. ಬೈಯರ್ ಕಡೆಯವರು ಆಡಿಟ್‌ಗೆ ಬರುವ ದಿನ ಆ ದಿಂಡುಗಳನ್ನು ತೆಗೆಸಲಾಗುತ್ತದೆ ಎಂದು ಹೇಳಿದವರ ಮಾತು ನನ್ನನ್ನು ಬಹಳ ದಿನ ಕಾಡಿದೆ. ತನ್ನ ಮೈಗೆ ಏನು ಬೇಕು ಎಂಬುದು ಆಕೆಗೆ ಗೊತ್ತಿದೆ. ಆ ತಿಳಿವಳಿಕೆಗೆ ಕಾರ್ಖಾನೆಯಲ್ಲಿ ಕಸದ ಬೆಲೆ. ಹೊಲಿಗೆ ಯಂತ್ರದ ಮೇಜನ್ನು ಬೋಲ್ಟ್ ಸಡಿಲಿಸಿ ಎತ್ತರಿಸಲು, ತಗ್ಗಿಸಲು ಬರುತ್ತದೆ. ಮೆಕ್ಯಾನಿಕ್ ಸ್ಪ್ಯಾನರ್ ತಂದರೆ ಕೆಲವೇ ನಿಮಿಷದ ಕೆಲಸ. ಆದರೆ ಮಿಷನ್ ನಿಂತ ಆ ನಿಮಿಷಗಳು ಬೋರ್ಡಿನಲ್ಲಿ ಕಾಣುತ್ತವೆ. ನಾಳೆ ಆಕೆಯನ್ನು ಇನ್ನೊಂದು ಮಿಷನ್‌ಗೆ ಕೂರಿಸಿದರೆ ಮಾಡಿದ್ದೂ ವ್ಯರ್ಥ. ನೆದರ್ಲೆಂಡ್ಸ್‌ನಲ್ಲಿ ಡೆಲ್ಲೆಮನ್ ಮತ್ತು ಡುಲ್ ಎಂಬ ಸಂಶೋಧಕರು ಹೊಲಿಗೆ ಕೆಲಸಗಾರರನ್ನೇ ಕೂರಿಸಿ ಅಳೆದು ನೋಡಿ, ಮೇಜು ಮೊಣಕೈಗಿಂತ 5ರಿಂದ 15 ಸೆಂಟಿಮೀಟರ್ ಎತ್ತರ ಇರಬೇಕು, ಮೇಲ್ಮೈ ಆಕೆಯ ಕಡೆಗೆ ಸುಮಾರು 10 ಡಿಗ್ರಿ ಓರೆಯಾಗಿರಬೇಕು ಎಂದು ಹೇಳಿ ಎರಡು ದಶಕ ದಾಟಿದೆ. ಅಂದರೆ ಉತ್ತರ ಗೊತ್ತಿಲ್ಲದ್ದಕ್ಕೆ ನೋವು ಉಳಿದಿಲ್ಲ.

ಕುರ್ಚಿ ಬದಲಿಸಿದರೆ ನೋವು ನಿಜಕ್ಕೂ ಕಮ್ಮಿಯಾಗುತ್ತದೆಯೇ? ಇದನ್ನು ಯಾರೂ ಊಹೆಗೆ ಬಿಡಬೇಕಾಗಿಲ್ಲ. ಲಾಸ್ ಏಂಜಲಿಸ್‌ನ ಗಾರ್ಮೆಂಟ್ ಕೆಲಸಗಾರರ ಮೇಲೆ ಡೇವಿಡ್ ರೆಂಪೆಲ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಹೊಸ ಔಷಧಿಯನ್ನು ಪರೀಕ್ಷಿಸುವ ರೀತಿಯಲ್ಲೇ 277 ಆಪರೇಟರ್‌ಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ, ಕೆಲವರಿಗೆ ಕಾಲಿಡುವ ಹಲಗೆಯಂಥ ಸಣ್ಣಪುಟ್ಟ ಸಲಕರಣೆ ಮಾತ್ರ, ಮಿಕ್ಕವರಿಗೆ ಅದರ ಜೊತೆ ಎರಡು ಬಗೆಯ ಹೊಸ ಕುರ್ಚಿ ಕೊಟ್ಟರು. ನಾಲ್ಕು ತಿಂಗಳು ಗಮನಿಸಿದಾಗ ಕುರ್ಚಿ ಸಿಕ್ಕವರ ಕತ್ತು, ಹೆಗಲಿನ ನೋವು ಹೆಚ್ಚು ಇಳಿದಿತ್ತು. ಅದರಲ್ಲೂ ಮುಂಭಾಗ ಬಾಗಿಸಿದ ಆಸನದ ಕುರ್ಚಿಯಲ್ಲಿ ಕೂತವರಿಗೆ ಹೆಚ್ಚು ಗುಣ ಕಂಡಿತ್ತು. ಯೋಚಿಸಿ: ಅದೇ ಹೆಂಗಸರು, ಅದೇ ವಯಸ್ಸು, ಅದೇ ಮನೆಗೆಲಸ. ಬದಲಾದದ್ದು ಕುರ್ಚಿ ಒಂದೇ. ವಯಸ್ಸು, ಮನೆಗೆಲಸ ಎಂಬ ವಿವರಣೆಗಳಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಇನ್ನೂ ಹಿಂದೆ, 1993ರಲ್ಲಿ, ಡೆನ್ಮಾರ್ಕಿನ ಆಂಡರ್ಸನ್ ಮತ್ತು ಗಾರ್ಡ್‌ಬೊ ಹೊಲಿಗೆ ಯಂತ್ರದ ಮೇಲೆ ಕಳೆದ ವರ್ಷಗಳು ಏರಿದಂತೆ ಕತ್ತಿನ ಬಾಧೆಯೂ ಏರುತ್ತದೆ ಎಂದು ತೋರಿಸಿದ್ದರು.

ಹಾಗೆಂದು ಮನೆಗೆಲಸವನ್ನು ನಾನು ಲೆಕ್ಕಕ್ಕೆ ಹಿಡಿಯುತ್ತಿಲ್ಲ ಎಂದಲ್ಲ. ಬೆಳಗ್ಗೆ ಐದಕ್ಕೆ ಎದ್ದು ನೀರು ಹಿಡಿದು, ಅಡುಗೆ ಮುಗಿಸಿ, ಮಕ್ಕಳಿಗೆ ಡಬ್ಬಿ ಕಟ್ಟಿ ಒಂಬತ್ತರೊಳಗೆ ಪಂಚ್ ಮಾಡುವವಳು ಸಂಜೆ ಆರೂವರೆಗೆ ಮನೆ ಸೇರಿ ಮತ್ತೆ ಒಲೆಯ ಮುಂದೆ ನಿಲ್ಲುತ್ತಾಳೆ. ಕಾರ್ಖಾನೆಯಲ್ಲಿ ಸೋತ ಸ್ನಾಯು ಚೇತರಿಸಿಕೊಳ್ಳಲು ಬೇಕಾದ ಹೊತ್ತನ್ನು ಮನೆ ನುಂಗುತ್ತದೆ ಎಂಬುದು ನಿಜ. ಗಂಡಸರು ಹಂಚಿಕೊಳ್ಳಬೇಕಾದ ಕೆಲಸ ಅದು, ಅದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ಆದರೆ ಮನೆಗೆಲಸ ಇದೆ ಎಂಬುದು ಕಾರ್ಖಾನೆಗೆ ಸಬೂಬಾಗಲಾರದು. ಬೆಂಗಳೂರಿನ ನಾಲ್ಕೈದು ಲಕ್ಷ ಗಾರ್ಮೆಂಟ್ಸ್ ಕಾರ್ಮಿಕರಲ್ಲಿ ಐವರಲ್ಲಿ ನಾಲ್ವರು ಹೆಂಗಸರು. ಅವರಿಗೆ ಮನೆಯೂ ಇದೆ ಎಂದು ಗೊತ್ತಿದ್ದೇ, ಜಗಳವಾಡದೆ ಬೇಗ ಮನೆ ಸೇರುವ ಧಾವಂತದಲ್ಲಿರುತ್ತಾರೆ ಎಂದು ಗೊತ್ತಿದ್ದೇ ಉದ್ಯಮ ಅವರನ್ನು ಆರಿಸಿಕೊಂಡಿದೆ.

ಇನ್ನೊಂದು ಪರಿಹಾರ ಈಚೆಗೆ ಜನಪ್ರಿಯವಾಗಿದೆ. ಫಿಸಿಯೋಥೆರಪಿ ಶಿಬಿರ, ಯೋಗ ದಿನಾಚರಣೆ, ಮೈಕಿನಲ್ಲಿ ಹೇಳಿಕೊಡುವ ಎರಡು ನಿಮಿಷದ ಕತ್ತಿನ ವ್ಯಾಯಾಮ. ಇವು ಬೇಡ ಎನ್ನಲಾರೆ. ಕತ್ತು, ಹೆಗಲಿನ ಸ್ನಾಯು ಬಲಪಡಿಸುವ ವ್ಯಾಯಾಮದಿಂದ ನೋವು ತಗ್ಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಆದರೆ ಟಾರ್ಗೆಟ್ ಅಲ್ಲೇ ಇಟ್ಟು ವ್ಯಾಯಾಮ ಹೇಳಿಕೊಟ್ಟರೆ ಆ ಎರಡು ನಿಮಿಷವನ್ನೂ ಆಕೆ ಮುಂದಿನ ಗಂಟೆಯಲ್ಲಿ ತುಂಬಿಕೊಡಬೇಕಾಗುತ್ತದೆ. ಬಿಡುವು ಕೊಟ್ಟರೆ ಉತ್ಪಾದನೆ ಬೀಳುತ್ತದೆ ಎಂಬ ಭಯಕ್ಕೂ ಉತ್ತರವಿದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಕಂಪ್ಯೂಟರಿನಲ್ಲಿ ಅಂಕಿಅಂಶ ತುಂಬುವ ನೌಕರರಿಗೆ ಮಾಮೂಲಿ ಬಿಡುವಿನ ಜೊತೆ ದಿನಕ್ಕೆ ನಾಲ್ಕು ಸಲ ಐದೈದು ನಿಮಿಷ ಹೆಚ್ಚು ಕೊಟ್ಟು ನೋಡಿ 2000ದಲ್ಲಿ ವರದಿ ಮಾಡಿದರು: ಮೈಕೈ ನೋವು ಇಳಿಯಿತು, ಕೆಲಸದ ಪ್ರಮಾಣ ಇಳಿಯಲಿಲ್ಲ. ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೇ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಷಧಾಮ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನವಿದೆ. ಹಳೆಯ ದೀಪಗಳ ಬದಲು ಕಮ್ಮಿ ಬಿಸಿಯಾಗುವ ಎಲ್‌ಇಡಿ ಹಾಕಿದಾಗ, ಸೆಖೆಯ ದಿನಗಳಲ್ಲಿ ಉತ್ಪಾದನೆ ಏರಿತು ಎಂದು ಅವರು ಕಂಡರು. ಕಾರ್ಮಿಕರ ಮೈಗೆ ಹಿತವಾದದ್ದು ಮಾಲೀಕರ ಲೆಕ್ಕಕ್ಕೂ ಹಿತವಾಗಬಲ್ಲದು. ಹಿತವಾಗದೆ ಹೋದರೂ ಅದನ್ನು ಮಾಡಲೇಬೇಕು ಎನ್ನುವವನು ನಾನು. ಕಣ್ಣಿಗೆ ಕಾಣದ ಗಾಯ ಎಂಬ ಒಂದೇ ಕಾರಣಕ್ಕೆ ಗಾಯದ ಹೊಣೆ ತಪ್ಪುವುದಿಲ್ಲ.

ಈಗ ಆಸ್ಪತ್ರೆಗೆ ಬರೋಣ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಪಶ್ಚಿಮ ಬೆಂಗಳೂರಿನ ಕಾರ್ಮಿಕರ ಪಾಲಿಗೆ ದೊಡ್ಡ ಆಸರೆ. ಈಗ ಅಲ್ಲಿ ವೈದ್ಯಕೀಯ ಕಾಲೇಜೂ ಇದೆ. ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳ ಇರುವವರಿಗೆ ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25 ಹಿಡಿದು ನಡೆಸುವ ಈ ವ್ಯವಸ್ಥೆ ಸ್ವತಂತ್ರ ಭಾರತ ಕಾರ್ಮಿಕರಿಗೆ ಕೊಟ್ಟ ದೊಡ್ಡ ಕೊಡುಗೆಗಳಲ್ಲಿ ಒಂದು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಕತ್ತು ನೋವು ಎಂದು ಹೋದವಳನ್ನು ಅದರ ನಿಯಮಗಳು ಯಾವ ಸಾಲಿನಲ್ಲಿ ನಿಲ್ಲಿಸುತ್ತವೆ ಎಂಬುದನ್ನು ನೋಡಬೇಕು.

ಇಎಸ್‌ಐನಲ್ಲಿ ಎರಡು ದಾರಿಗಳಿವೆ. ಒಂದು ಕಾಯಿಲೆಯದ್ದು, ಇನ್ನೊಂದು ಉದ್ಯೋಗದಿಂದಾದ ಗಾಯದ್ದು. ಕಾಯಿಲೆ ಎಂದಾದರೆ ಕೂಲಿಯ ಶೇ. 70, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಅದಕ್ಕೂ ಹಿಂದಿನ ಆರು ತಿಂಗಳಲ್ಲಿ 78 ದಿನದ ವಂತಿಗೆ ಸಂದಿರಬೇಕು, ಮತ್ತು ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಏನೂ ಇಲ್ಲ. ಉದ್ಯೋಗದ ಗಾಯ ಎಂದಾದರೆ ಶೇ. 90, ಗುಣವಾಗುವ ತನಕ. ದಿನಗೂಲಿ 450 ರೂಪಾಯಿ ಎಂದಿಟ್ಟುಕೊಂಡು ಐದು ದಿನ ಮಲಗಿದವಳ ಲೆಕ್ಕ ಹಾಕಿ. ಕಾಯಿಲೆಯ ದಾರಿಯಲ್ಲಿ ಆಕೆಗೆ ಸಿಗುವುದು ಮೂರು ದಿನಕ್ಕೆ 945 ರೂಪಾಯಿ. ಗಾಯದ ದಾರಿಯಲ್ಲಿ ಐದು ದಿನಕ್ಕೆ 2,025. ಎರಡರ ನಡುವಿನ 1,080 ರೂಪಾಯಿ ಒಂದು ವಾರದ ಮನೆ ಸಾಮಾನಿನ ದುಡ್ಡು. ಇದರ ಮೇಲೆ ಹಾಜರಾತಿ ಬೋನಸ್ ಹೋಗುತ್ತದೆ, ಇಎಸ್‌ಐ ಸಾಲಿನಲ್ಲಿ ನಿಲ್ಲಲು ಹಾಕಿದ ರಜೆಯ ಕೂಲಿಯೂ ಹೋಗುತ್ತದೆ. ಇಷ್ಟು ಕಳೆದುಕೊಳ್ಳುವ ಬದಲು ಮೆಡಿಕಲ್ ಸ್ಟೋರಿನಿಂದ ಹತ್ತು ರೂಪಾಯಿಯ ಮಾತ್ರೆ ನುಂಗಿ ಲೈನ್‌ಗೆ ಹೋಗುವುದೇ ಆಕೆಯ ಲೆಕ್ಕದಲ್ಲಿ ಸರಿ. ಹೀಗೆ ನೋವು ಹಳೆಯದಾಗುತ್ತದೆ.

ಮಿಷನ್‌ನ ಸೂಜಿ ಬೆರಳಿಗೆ ಹೊಕ್ಕರೆ ಅದು ಗಾಯ, ಅದಕ್ಕೆ ತಾರೀಕಿದೆ, ಸಾಕ್ಷಿಯಿದೆ, ರಿಜಿಸ್ಟರ್ ಇದೆ. ಅದೇ ಮಿಷನ್ ಹತ್ತು ವರ್ಷದಲ್ಲಿ ಕತ್ತನ್ನು ಕೆಡಿಸಿದರೆ ಅದು ಕಾಯಿಲೆ. ಏಕೆಂದರೆ ಕಾನೂನಿನಲ್ಲಿ ಔದ್ಯೋಗಿಕ ರೋಗಗಳದ್ದೊಂದು ಪಟ್ಟಿ ಇದೆ. ಪಟ್ಟಿಯಲ್ಲಿಲ್ಲದ ರೋಗವಾದರೆ ಅದು ಇಂಥದೇ ಒಂದು ಅಪಘಾತದಿಂದ ಬಂತು ಎಂದು ತೋರಿಸಬೇಕು. ದಿನಕ್ಕೆ 800 ಸಲ ಬಾಗಿದ್ದರಲ್ಲಿ ಯಾವ ಬಾಗು ಅಪಘಾತ ಎಂದು ಆಕೆ ತೋರಿಸಬೇಕು? 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಷೆಡ್ಯೂಲಿನಲ್ಲಿ ವರದಿ ಮಾಡಲೇಬೇಕಾದ 29 ರೋಗಗಳಿದ್ದವು. ಸೀಸದ ವಿಷ, ಸಿಲಿಕೋಸಿಸ್, ಶಬ್ದದಿಂದ ಬರುವ ಕಿವುಡು ಅದರಲ್ಲಿವೆ. ದುಡಿಮೆಯಿಂದ ಬರುವ ಕತ್ತು, ಹೆಗಲು, ಬೆನ್ನಿನ ರೋಗ ಇಲ್ಲ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಾಗಲೂ ಹಳೆಯ ಪಟ್ಟಿಯೇ ಬಹುಮಟ್ಟಿಗೆ ಮುಂದುವರಿಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸ್ನಾಯು, ಮೂಳೆಗಳ ರೋಗಗಳಿಗೆ ಪ್ರತ್ಯೇಕ ವಿಭಾಗವೇ ಇದೆ. ಬ್ರಿಟನ್ 1908ರಲ್ಲೇ ತಂತಿ ಕಳಿಸುವ ಗುಮಾಸ್ತರ ಕೈಸೆಳೆತವನ್ನು ಪರಿಹಾರ ಕೊಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಒಂದೇ ಚಲನೆಯನ್ನು ಸಾವಿರ ಸಲ ಮಾಡಿದರೆ ಮೈ ಕೆಡುತ್ತದೆ ಎಂಬುದು ಕಾನೂನಿಗೆ ಹೊಸ ಸುದ್ದಿಯಲ್ಲ. ನಮ್ಮ 1923ರ ಪರಿಹಾರ ಕಾಯ್ದೆಯಂತೂ ಮೂರು ತಿಂಗಳ ನೋಟಿಸು ಕೊಟ್ಟು ತನ್ನ ಪಟ್ಟಿಗೆ ಹೊಸ ಉದ್ಯೋಗಗಳನ್ನು ಸೇರಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೇ ಕೊಟ್ಟಿತ್ತು. ದೇಶದ ಉಡುಪು ಉದ್ಯಮದ ದೊಡ್ಡ ಕೇಂದ್ರಗಳಲ್ಲೊಂದನ್ನು ಇಟ್ಟುಕೊಂಡ ರಾಜ್ಯದಲ್ಲಿ ಹೊಲಿಗೆ ಯಂತ್ರದ ಕೆಲಸ ಆ ಪಟ್ಟಿ ಸೇರಲಿಲ್ಲ.

ಪಟ್ಟಿಯಲ್ಲಿ ಇಲ್ಲದ್ದು ಎಣಿಕೆಗೆ ಬರುವುದಿಲ್ಲ. ಎಣಿಕೆಗೆ ಬರದ್ದು ಇಲ್ಲವೆಂದೇ ಆಗುತ್ತದೆ. ಇದಕ್ಕೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ನೋವು ತಡೆಯದವರು ಕೆಲಸ ಬಿಡುತ್ತಾರೆ. ಅವರ ಜಾಗಕ್ಕೆ ಹತ್ತೊಂಬತ್ತರ ಹುಡುಗಿಯರು ಬರುತ್ತಾರೆ, ಈಗೀಗ ಒಡಿಶಾ, ಜಾರ್ಖಂಡ್‌ನಿಂದ ಹಾಸ್ಟೆಲಿಗೆ ಕರೆತರಲಾದವರು ಹೆಚ್ಚು. ಯಾವತ್ತು ಹೋಗಿ ಪರೀಕ್ಷಿಸಿದರೂ ಫ್ಲೋರ್ ತುಂಬ ಗಟ್ಟಿಮುಟ್ಟಾದ ಕತ್ತುಗಳೇ. ಕೆಟ್ಟ ಕತ್ತುಗಳು ಹೆಗ್ಗನಹಳ್ಳಿ, ಲಗ್ಗೆರೆಯ ಬಾಡಿಗೆ ಮನೆಗಳಲ್ಲಿ, ಮಾಗಡಿ, ಕುಣಿಗಲ್, ಮದ್ದೂರಿನ ಹಳ್ಳಿಗಳಲ್ಲಿ ಇರುತ್ತವೆ.

2016ರ ಏಪ್ರಿಲ್ 18 ಮತ್ತು 19ರಂದು ಈ ಹೆಂಗಸರು ಬೀದಿಗಿಳಿದದ್ದು ನೆನಪಿರಬಹುದು. ಹೊಸೂರು ರಸ್ತೆ, ತುಮಕೂರು ರಸ್ತೆ ಎರಡೂ ಕಡೆ ನಗರ ನಿಂತುಹೋಗಿತ್ತು. ಕಾರಣ, ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಎಂಬ ಆ ಫೆಬ್ರವರಿಯ ಕೇಂದ್ರದ ಅಧಿಸೂಚನೆ. ಎರಡೇ ದಿನದಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಅಂದು ಪತ್ರಿಕೆಗಳು ಅದನ್ನು ಹಣದ ಸಿಟ್ಟು ಎಂದು, ವದಂತಿಯ ಫಲ ಎಂದು ಬರೆದವು. ನನಗೆ ಅದು ಮೈಯ ವಿಷಯವಾಗಿಯೂ ಕಾಣುತ್ತದೆ. 58ರ ತನಕ ಹೊಲಿಗೆ ಮಿಷನ್ ಮೇಲೆ ಕೂತವರನ್ನು ಆ ಹೆಂಗಸರು ಕಂಡಿರಲಿಲ್ಲ. ಮೂವತ್ತೆಂಟಕ್ಕೋ ನಲವತ್ತಕ್ಕೋ ಕತ್ತು, ಸೊಂಟ ಕೈಕೊಟ್ಟು ಮನೆಗೆ ಹೋಗುವಾಗ ಕೈಗೆ ಬರುವ ಇಡಿಗಂಟು ಅದೊಂದೇ. ನಿಯಮ ಬರೆದವರ ಕಣ್ಣಮುಂದೆ ಇದ್ದದ್ದು 58ರ ತನಕ ಬಾಳುವ ದೇಹ, ಬಹುಶಃ ಕಚೇರಿಯಲ್ಲಿ ಕೂತ ಗಂಡಸಿನದ್ದು. ಅಂಥ ದೇಹ ಲೈನ್‌ನಲ್ಲಿ ಇಲ್ಲ ಎಂಬುದನ್ನು ಹೇಳಲು ಲಕ್ಷಾಂತರ ಜನ ರಸ್ತೆಗೆ ಬರಬೇಕಾಯಿತು.

ಅಲ್ಲಿಂದೀಚೆಗೆ ನಾವು ಸಾಗಿರುವ ದಿಕ್ಕು ಸರಿಯಿಲ್ಲ. 2023ರ ಫೆಬ್ರವರಿಯಲ್ಲಿ ಕರ್ನಾಟಕದ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಒಪ್ಪಿಕೊಂಡಿತು. ವಾರಕ್ಕೆ 48 ಗಂಟೆಯ ಮಿತಿ ಇಟ್ಟುಕೊಂಡೇ ದಿನಕ್ಕೆ 12 ಗಂಟೆ ದುಡಿಸಲು, ಬಿಡುವಿಲ್ಲದೆ ಐದರ ಬದಲು ಆರು ಗಂಟೆ ದುಡಿಸಲು ಅದು ದಾರಿ ಮಾಡಿತು. ವಾರದ ಒಟ್ಟು ಮೊತ್ತ ಅಷ್ಟೇ ತಾನೇ, ನಾಲ್ಕು ದಿನ ದುಡಿದು ಮೂರು ದಿನ ರಜೆ ಎಂದು ಸಮರ್ಥನೆ. ಸ್ನಾಯುವಿಗೆ ವಾರದ ಮೊತ್ತ ತಿಳಿಯದು. ಐದನೆಯ ಗಂಟೆಯಿಂದ ಆರನೆಯ ಗಂಟೆಯ ತನಕ ಬಿಟ್ಟುಕೊಡದೆ ಹಿಡಿದಿದ್ದ ಎಳೆಗೆ ಮುಂದಿನ ಶುಕ್ರವಾರದ ರಜೆಯಿಂದ ಆಗುವ ಉಪಕಾರ ಬಹಳ ಕಮ್ಮಿ. ಬಂಡವಾಳ ಬರಲಿ ಎಂಬ ಆಸೆ ಅರ್ಥವಾಗುತ್ತದೆ. ಆದರೆ ಆ ಚರ್ಚೆಯಲ್ಲಿ ಹೂಡಿಕೆ, ಸ್ಪರ್ಧೆ, ಉದ್ಯೋಗ ಸೃಷ್ಟಿಯ ಮಾತು ಬಂದಷ್ಟು ಸಲ ಮೈಯ ಮಾತು ಬರಲಿಲ್ಲ.

ಏನು ಮಾಡಬಹುದು ಎಂಬುದು ಕಷ್ಟದ ಪ್ರಶ್ನೆಯಲ್ಲ. ಒಳ್ಳೆಯ ಕುರ್ಚಿಗೆ 3,000 ರೂಪಾಯಿ ಎಂದೇ ಹಿಡಿಯಿರಿ, ವರ್ಷಕ್ಕೆ 300 ದಿನದಂತೆ ಐದು ವರ್ಷ ಬಾಳಿದರೆ ದಿನಕ್ಕೆ ಎರಡು ರೂಪಾಯಿ. ಹೊಲಿಯುವ 800 ಪೀಸಿಗೆ ಎರಡು ರೂಪಾಯಿ. ಈ ದುಡ್ಡು ಇಲ್ಲದ ಉದ್ಯಮ ಇದಲ್ಲ. ರಾಜ್ಯದ 2019-24ರ ಜವಳಿ ಮತ್ತು ಸಿದ್ಧ ಉಡುಪು ನೀತಿ ಕಾರ್ಖಾನೆಗಳಿಗೆ ಬಂಡವಾಳ, ವಿದ್ಯುತ್, ಕೂಲಿ, ಇಎಸ್‌ಐ, ಪಿಎಫ್ ವಂತಿಗೆ ಇಷ್ಟರಲ್ಲೂ ಸಹಾಯಧನ ಇಟ್ಟಿತ್ತು. ಸಾರ್ವಜನಿಕರ ದುಡ್ಡು ಪಡೆಯುವ ಕಾರ್ಖಾನೆಯಲ್ಲಿ ಎತ್ತರ ಬದಲಿಸಬಹುದಾದ ಕುರ್ಚಿ, ಗಂಟೆಗೊಮ್ಮೆ ಟಾರ್ಗೆಟ್‌ನಿಂದ ಕಳೆದು ಕೊಡುವ ಐದು ನಿಮಿಷ ಇರಲೇಬೇಕು ಎಂದು ಮುಂದಿನ ನೀತಿಗಳಲ್ಲಿ ಒಂದು ಷರತ್ತು ಸೇರಿಸುವುದಕ್ಕೆ ಹೊಸ ಕಾನೂನು ಬೇಕಿಲ್ಲ. ನೆರೆಯ ಕೇರಳದಲ್ಲಿ ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಂಗಸರು ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾನೂನಾಗಿಸಿಕೊಂಡರು, ತಮಿಳುನಾಡು 2021ರಲ್ಲಿ ಅದನ್ನೇ ಮಾಡಿತು. ನಮ್ಮ ಕಾರ್ಖಾನೆ ಕಾಯ್ದೆಯ 44ನೆಯ ಕಲಮು 1948ರಿಂದಲೂ ನಿಂತು ದುಡಿಯುವವರಿಗೆ ಕೂರುವ ಏರ್ಪಾಡು ಇರಬೇಕು ಎನ್ನುತ್ತಿತ್ತು. ಆದರೂ ಚೆಕ್ಕಿಂಗ್, ಟ್ರಿಮ್ಮಿಂಗ್, ಐರನ್ ವಿಭಾಗದವರು ದಿನವಿಡೀ ನಿಂತೇ ಇರುವ ಕಾರ್ಖಾನೆಗಳಿವೆ. ಕೂತವರು ಏಳುವಂತಿಲ್ಲ, ನಿಂತವರು ಕೂರುವಂತಿಲ್ಲ. ದಿನದ ಅರ್ಧಕ್ಕೆ ಇವರಿಬ್ಬರ ಜಾಗ ಅದಲುಬದಲು ಮಾಡುವ ಏರ್ಪಾಡು ತಂದರೂ ಎಷ್ಟೋ ಕತ್ತುಗಳು, ಎಷ್ಟೋ ಮೊಣಕಾಲುಗಳು ಉಳಿಯುತ್ತವೆ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಎಣಿಕೆ. ಇಟಲಿಯ ಮೊದೆನಾದ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಬರೆದ ಪುಸ್ತಕದಲ್ಲಿ, ರೋಗಿಯ ಮನೆಗೆ ಹೋದ ವೈದ್ಯ ನಿನ್ನ ಕಸುಬೇನು ಎಂಬ ಪ್ರಶ್ನೆಯನ್ನೂ ಕೇಳಲೇಬೇಕು ಎಂದ. ಕೂತು ದುಡಿಯುವ ಚಮ್ಮಾರರು, ದರ್ಜಿಗಳು ಬಾಗಿಹೋಗುವುದನ್ನು ಅವನು ಆಗಲೇ ಕಂಡಿದ್ದ. ರಾಜಾಜಿನಗರದ ಆಸ್ಪತ್ರೆಯಲ್ಲಿ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯಿಂದ ಬರುವ ವಿಮಾದಾರರನ್ನು ನೋಡುವ ಡಿಸ್ಪೆನ್ಸರಿಗಳಲ್ಲಿ ಕತ್ತು ನೋವು ಎಂದು ಬಂದವಳ ಚೀಟಿಯ ಮೇಲೆ ಗಾರ್ಮೆಂಟ್ಸ್ ಎಂದಷ್ಟೇ ಬರೆದರೆ ಸಾಲದು. ಯಾವ ಆಪರೇಷನ್, ಎಷ್ಟು ವರ್ಷ, ಗಂಟೆಗೆ ಎಷ್ಟು ಪೀಸ್, ಕುರ್ಚಿಗೆ ಒರಗು ಇದೆಯೇ ಎಂಬ ನಾಲ್ಕು ಪ್ರಶ್ನೆ ಸಾಕು. ಅದಕ್ಕೆ ಎರಡು ನಿಮಿಷವೂ ಬೇಡ. ವೈದ್ಯಕೀಯ ವಿದ್ಯಾರ್ಥಿಗಳು ಅಲ್ಲೇ ಇದ್ದಾರೆ. 1977ರಿಂದ ಬೆಂಗಳೂರಿನಲ್ಲೇ ಇರುವ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಆ ಉತ್ತರಗಳನ್ನು ಕೂಡಿಸಿ ನೋಡಬಲ್ಲದು. ಕೆಲಸ ಬಿಟ್ಟು ಹೋದವರನ್ನೂ ಸೇರಿಸಿ ಒಂದು ವರ್ಷ ಹೀಗೆ ಬರೆದಿಟ್ಟರೆ ಯಾವ ಕಾರ್ಖಾನೆ, ಯಾವ ಲೈನ್, ಯಾವ ಆಪರೇಷನ್ ಕತ್ತು ಕೆಡಿಸುತ್ತಿದೆ ಎಂಬುದು ಹೆಸರು ಸಮೇತ ಕಾಣುತ್ತದೆ. ಪಟ್ಟಿಗೆ ಈ ರೋಗವನ್ನು ಸೇರಿಸಿ ಎಂದು ಸಂಘಟನೆಗಳು ಸರ್ಕಾರದ ಮುಂದೆ ಇಡಬೇಕಾದ ದಾಖಲೆ ಅದು. ಅದು ಮಾಲೀಕರ ಸಂಘದ ಬಳಿಯೂ ಇಲ್ಲ, ಬೈಯರ್‌ಗಳ ಆಡಿಟ್ ವರದಿಯಲ್ಲೂ ಇಲ್ಲ. ದಿನಾ ಬೆಳಗ್ಗೆ ಇಎಸ್‌ಐ ಸಾಲಿನಲ್ಲಿ ನಿಲ್ಲುವ ಹೆಂಗಸರ ಬಳಿ ಇದೆ, ಮತ್ತು ಕೇಳಿದರೆ ಅವರು ಹೇಳುತ್ತಾರೆ.